ನೀರು ಮಾರುವವನ ಮಗನಾದ ಸ್ಪಿರಿದೋನ್ ಲೂಯಿಸನ ಚರಿತ್ರೆ

ನಮ್ಮ ಹಳ್ಳಿಗಳಲ್ಲಿ ನೀರು ಹೊರುವದನ್ನು ಯಾರೂ ಒಂದು ವಿದ್ಯೆಯೆಂದು ಎಣಿಸುವದಿಲ್ಲ. ಬಾವಿಯಿಂದ ಮನೆಗೂ ಹೊಳೆಯಿಂದ ತೋಟಕ್ಕೂ ಕೊಡ ಹೊತ್ತು ತಿರುಗುವವರ ಕಾಲು ದಿನಕ್ಕೆ ಎಷ್ಟು ದೂರ ನಡೆಯಿತೆಂದು ಲೆಕ್ಕವಿಟ್ಟವರೂ ಇಲ್ಲ. ಆದರೆ ನೀರು ಸಾಗಿಸಿ ಹೊಟ್ಟೆ ಹೊರೆದುಕೊಂಡಿದ್ದ ಒಬ್ಬ ಬಡ ಯೌವನಸ್ಥನು, ಎಂಟು ಹರದಾರಿಯ ಪಂದ್ಯವನ್ನು ಅದಕ್ಕೆ ಮುಂಚೆ ಒಂದೇ ಒಂದು ಸಾರಿ ಓಡಿ ನೋಡಿದ್ದವನಾಗಿ, ನಾನಾ ದೇಶಗಳಿಂದ ಬಂದ ಓಟಗಾರರನ್ನು ಹಿಂದೆ ಹಾಕಿದನು. ಅವನ ಹೆಸರು ಸ್ಪಿರಿದೋನ್ ಲೂಯಿಸ್. ಅವನು ತೀರಿಹೋಗಿ ಎಂಭತ್ತು ವರುಷಗಳಿಗಿಂತ ಹೆಚ್ಚಾಯಿತು.

ಈಗ ಅವನ ಚರಿತ್ರೆಯನ್ನು ಬರೆಯಲಿಕ್ಕೆ ನಮಗೆ ಒಂದು ಕಾರಣವುಂಟು. ಬೆಂಗಳೂರು, ಮುಂಬಯಿ ಮೊದಲಾದ ಪಟ್ಟಣಗಳಲ್ಲಿ ವರುಷ ವರುಷ ನಡೆಯುವ ಮ್ಯಾರಥಾನ್ ಎಂಬ ಉದ್ದದ ಓಟಕ್ಕೆ ನಮ್ಮ ಊರುಗಳ ಹುಡುಗರೂ ಹುಡುಗಿಯರೂ ಹೆಸರು ಕೊಡುತ್ತಾರೆ. ಒಮ್ಮೆಯೂ ಓಡದವನು ಅದಕ್ಕೆ ಹೇಗೆ ಸಿದ್ಧನಾಗಬೇಕೆಂದು ಕೇಳುತ್ತಾರೆ. ಒಲಿಂಪಿಕ್ ಆಟಗಳ ಮೊದಲನೆಯ ಮ್ಯಾರಥಾನಿನಲ್ಲಿ ಓಡಿದವರೆಲ್ಲರೂ ಬಹುಮಟ್ಟಿಗೆ ಹೊಸಬರೇ. ಆ ಹೊಸಬರೊಳಗೆ ಯಾರು ಬಿದ್ದರು, ಯಾರು ನಿಂತರು, ಯಾಕೆ ನಿಂತರು ಎಂಬದನ್ನು ವಿಚಾರಿಸಿದರೆ, ಈ ಹುಡುಗರ ಪ್ರಶ್ನೆಗೆ ಯಾವ ಪುಸ್ತಕಕ್ಕಿಂತಲೂ ಚೆನ್ನಾದ ಉತ್ತರವು ಸಿಕ್ಕುವದೆಂದು ನಮಗೆ ತೋರುತ್ತದೆ.

ಗ್ರೀಸ್ ದೇಶದ ಮುಖ್ಯ ಪಟ್ಟಣವಾದ ಅಥೆನ್ಸನ್ನು ನಮ್ಮ ಓದುಗರು ಅಪೊಸ್ತಲರ ಕೃತ್ಯಗಳಲ್ಲಿ ಅಥೇನೆ ಎಂಬ ಹೆಸರಿನಿಂದ ಬಲ್ಲರು. ನಾವೂ ಆ ಹೆಸರನ್ನೇ ಇಟ್ಟುಕೊಳ್ಳುವೆವು. ಆ ಪಟ್ಟಣದಿಂದ ಈಶಾನ್ಯಕ್ಕೆ ಎರಡು ಮೂರು ಹರದಾರಿ ದೂರದಲ್ಲಿ ಮರೂಸಿ ಎಂಬ ಊರುಂಟು. ಈಗ ಅದು ಬೆಳೆದ ಪಟ್ಟಣದೊಳಗೆ ಸೇರಿಹೋಗಿದೆ. 1873ರಲ್ಲಿ ಲೂಯಿಸನು ಅಲ್ಲಿ ಹುಟ್ಟಿದಾಗ ಅದೊಂದು ಹಳ್ಳಿಯಾಗಿತ್ತು. ಆ ಹಳ್ಳಿಯ ನೀರು ಒಳ್ಳೆಯದೆಂದು ಹೆಸರಾಗಿತ್ತು. ಅಥೇನೆಯಲ್ಲಾದರೋ ಜನ ಹೆಚ್ಚುತ್ತಾ ಬಂದು ಕುಡಿಯುವ ನೀರಿಗೆ ಸದಾ ಕೊರತೆ. ಆದದರಿಂದ ಲೂಯಿಸನ ತಂದೆಯು ಮರೂಸಿಯ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ ಪಟ್ಟಣಕ್ಕೆ ಒಯ್ದು ಮಾರುತ್ತಿದ್ದನು. ಮಗನು ದೊಡ್ಡವನಾದ ಮೇಲೆ ಆ ಕೆಲಸದಲ್ಲಿ ಕೈಗೂಡಿಸಿದನು. ನೀರು ಹೊತ್ತ ಹೇಸರಗತ್ತೆಯ ಮೇಲೆ ಮನುಷ್ಯನೂ ಹತ್ತಿ ಕೂತುಕೊಳ್ಳಲಾಗದು; ಅದರ ಮಗ್ಗುಲಲ್ಲಿ ನಡೆಯಬೇಕು, ಇಳಿಜಾರಿನಲ್ಲಿ ಅದು ಹೆಜ್ಜೆ ಬೇಗ ಹಾಕಿದರೆ ತಾನೂ ಓಡಬೇಕು. ಹೀಗೆ ಬಿಸಿಲು ಮಳೆಯೆನ್ನದೆ ಪಟ್ಟಣಕ್ಕೆ ಹೋಗುವದು, ನೀರನ್ನು ಮಾರಿ ಊರಿಗೆ ತಿರುಗಿ ಬರುವದು, ಇದೇ ಅವನ ಯೌವನದ ದಿನಚರಿಯಾಗಿತ್ತು. ಓಟಕ್ಕೋಸ್ಕರ ಅವನು ಇದನ್ನು ಮಾಡಲಿಲ್ಲ, ಅನ್ನಕ್ಕೋಸ್ಕರ ಮಾಡಿದನು. ಆದರೂ ಕಾಲುಗಳಿಗೆ ಆ ಭೇದ ತಿಳಿಯದಷ್ಟೆ.

ಇಷ್ಟರಲ್ಲಿ ಪರಿಸ್ ಪಟ್ಟಣದಲ್ಲಿ ಕೆಲವು ವಿದ್ವಾಂಸರು ಬೇರೊಂದು ಆಲೋಚನೆಯಲ್ಲಿದ್ದರು. ಪೂರ್ವಕಾಲದಲ್ಲಿ ಗ್ರೀಕರು ಒಲಿಂಪಿಯ ಎಂಬ ಸ್ಥಳದಲ್ಲಿ ನಾಲ್ಕು ವರುಷಗಳಿಗೊಮ್ಮೆ ಓಟ, ಕುಸ್ತಿ ಮೊದಲಾದ ಪಂದ್ಯಗಳನ್ನು ನಡಿಸುತ್ತಿದ್ದರು. ಕೊರಿಂಥದ ಹತ್ತಿರವೂ ಅಂಥ ಆಟಗಳು ಇದ್ದವು. ಪೌಲನು ಆ ಊರಿನ ಸಭೆಗೆ ಬರೆದ ಪತ್ರಿಕೆಯಲ್ಲಿ ಓಟದ ಪಂದ್ಯವನ್ನು ದೃಷ್ಟಾಂತವಾಗಿ ಎತ್ತಿಕೊಂಡದ್ದು ಅಲ್ಲಿನವರಿಗೆ ಅದು ಕಣ್ಣಾರೆ ಕಂಡ ಸಂಗತಿಯಾಗಿದ್ದದರಿಂದಲೇ ಎಂದು ನಾವು ನೆನಸುತ್ತೇವೆ. ಬಹು ಕಾಲದ ಹಿಂದೆ ನಿಂತುಹೋದ ಈ ಆಟಗಳನ್ನು ಎಲ್ಲಾ ದೇಶದವರೂ ಕೂಡಿ ತಿರಿಗಿ ನಡಿಸಬೇಕೆಂದು ಪಿಯೆರ್ ದ ಕೂಬರ್ತೆನ್ ಎಂಬ ಫ್ರೆಂಚ್ ಪ್ರಭುವು 1894ರಲ್ಲಿ ಒಂದು ಸಭೆ ಕೂಡಿಸಿ, ಮೊದಲನೆಯ ಆಟಗಳು 1896ರಲ್ಲಿ ಅಥೇನೆಯಲ್ಲಿಯೇ ಆಗಬೇಕೆಂದು ಗೊತ್ತುಮಾಡಿಸಿದನು. ಅವನ ಸ್ನೇಹಿತನೂ ಭಾಷಾಶಾಸ್ತ್ರದಲ್ಲಿ ಪಂಡಿತನೂ ಆದ ಮಿಶೆಲ್ ಬ್ರೆಯಾಲನು, ಮ್ಯಾರಥಾನ್ ಎಂಬ ಊರಿನಿಂದ ಅಥೇನೆಯ ವರೆಗೆ ಒಂದು ಓಟವನ್ನು ಇಡಬೇಕೆಂದೂ, ಗೆದ್ದವನಿಗೆ ತಾನು ಬೆಳ್ಳಿಯ ಬಟ್ಟಲನ್ನು ಕೊಡುವೆನೆಂದೂ ಹೇಳಿದನು.

ಮ್ಯಾರಥಾನನ್ನೇ ಆರಿಸಿಕೊಂಡದ್ದು ಒಂದು ಹಳೇ ಕಥೆಯ ನಿಮಿತ್ತವಾಗಿ. ಕ್ರಿಸ್ತಪೂರ್ವ 490ರಲ್ಲಿ ಪಾರಸಿಯರ ದಂಡು ಆ ಬಯಲಿನಲ್ಲಿ ಬಂದಿಳಿದು ಅಥೇನೆಯವರಿಂದ ಸೋತುಹೋಯಿತು. ಆ ಜಯದ ಸುದ್ದಿಯನ್ನು ಒಬ್ಬ ದೂತನು ಪಟ್ಟಣಕ್ಕೆ ಓಡಿ ತಂದು, ತಿಳಿಸಿದ ಕೂಡಲೇ ಸತ್ತುಬಿದ್ದನೆಂದು ಹೇಳುತ್ತಾರೆ. ಆ ಯುದ್ಧದ ವೃತ್ತಾಂತವನ್ನು ಬರೆದ ಹೆರೊಡೊಟಸನ ಗ್ರಂಥದಲ್ಲಿ ಈ ಮಾತಿಲ್ಲ. ಶತಮಾನಗಳ ತರುವಾಯ ಬಂದ ಪ್ಲುಟಾರ್ಕನಲ್ಲಿ ಅದು ಕಾಣುತ್ತದೆ. ಪೂರ್ವಕಾಲದ ಆಟಗಳಲ್ಲಿಯೂ ಇಂಥ ದೂರದ ಓಟವಿರಲಿಲ್ಲ; ಅತಿ ಉದ್ದವಾದ ಓಟವು ಹೆಚ್ಚೆಂದರೆ ಒಂದು ಹರದಾರಿಯಷ್ಟೇ. ಆದಕಾರಣ ಈ 40 ಕಿಲೊಮೀಟರಿನ ಓಟವು ಹಳೇ ಹೆಸರಿನ ಹೊಸ ಕಾರ್ಯವು. ಅದನ್ನು ಹೇಗೆ ಓಡಬೇಕೆಂದು ಕಲಿಸಿಕೊಡಬಲ್ಲ ಗುರುವು ಲೋಕದಲ್ಲಿ ಬಹುಶಃ ಒಬ್ಬನೂ ಇರಲಿಲ್ಲ.

ಗ್ರೀಕರು ತಮ್ಮ ಮರ್ಯಾದೆಯು ಈ ಓಟದಲ್ಲಿಯೇ ಇದೆಯೆಂದು ಎಣಿಸಿ, ತಕ್ಕವರನ್ನು ಆರಿಸಲಿಕ್ಕೆ ಆ ವಸಂತಕಾಲದಲ್ಲಿ ಅದೇ ದಾರಿಯಲ್ಲಿ ಪರೀಕ್ಷೆಯ ಓಟಗಳನ್ನು ಇಟ್ಟರು. ಮೊದಲನೆಯದನ್ನು ಖರಿಲಾವೋಸ್ ವಸಿಲಾಕೋಸ್ ಎಂಬವನು 3 ಗಂಟೆ 18 ನಿಮಿಷಗಳಲ್ಲಿ ಗೆದ್ದನು. ಎರಡನೆಯದರಲ್ಲಿ ಲೂಯಿಸನು ಓಡಿದನು. ಅವನನ್ನು ಇದಕ್ಕೆ ಎಳೆದು ತಂದವನು ಕರ್ನಲ್ ಪಾಪದಿಯಮಂತೋಪೊಲೋಸ್ ಎಂಬ ದಂಡಿನ ಅಧಿಕಾರಿಯು. ಲೂಯಿಸನು ಸಿಪಾಯಿಯಾಗಿದ್ದಾಗ ಈತನ ಕೈಕೆಳಗೆ ಇದ್ದನು, ಅವನ ಕಾಲಿನ ಬಲವನ್ನು ಈತನು ಮರೆತಿರಲಿಲ್ಲ. ಆದರೆ ಆ ದಿನ ಲೂಯಿಸನು ಗೆಲ್ಲಲಿಲ್ಲ, ಐದನೆಯವನಾಗಿ ಬಂದನು. ಅವನಿಗೆ 3 ಗಂಟೆ 18 ನಿಮಿಷಗಳಿಗಿಂತ ತುಸು ಹೆಚ್ಚು ಹಿಡಿದಿತ್ತು. ಮೊದಲು ಬಂದವನು ಅವನಿಗಿಂತ ಏಳು ನಿಮಿಷ ಮುಂದಾಗಿದ್ದನು.

ಐದನೆಯವನನ್ನು ಹೊಗಳುವವರು ಯಾರು? ಆದರೆ ನಮ್ಮ ಅಭಿಪ್ರಾಯದಲ್ಲಿ ಲೂಯಿಸನ ಜಯವು ಆ ಐದನೆಯ ಸ್ಥಾನದಲ್ಲಿಯೇ ಆರಂಭವಾಯಿತು. ಯಾಕಂದರೆ ಮ್ಯಾರಥಾನಿನ ದಾರಿಯು ಸರಳವಾದದ್ದಲ್ಲ. ಮೊದಲನೆಯ ಹತ್ತು ಕಿಲೊಮೀಟರು ಸಮುದ್ರದ ಪಕ್ಕದಲ್ಲಿ ಬಹುಮಟ್ಟಿಗೆ ಸಮನಾಗಿ ಹೋಗುತ್ತದೆ. ಅಲ್ಲಿಂದ ಮೇಲೆ ಏರುತ್ತಾ, ಸ್ವಲ್ಪ ಇಳಿಯುತ್ತಾ, ತಿರಿಗಿ ಏರುತ್ತಾ, ಮೂವತ್ತೊಂದನೆಯ ಕಿಲೊಮೀಟರಿನ ಹತ್ತಿರ ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಹೆಚ್ಚು ಎತ್ತರಕ್ಕೆ ಹೋಗಿ, ಆಮೇಲೆ ಪಟ್ಟಣದ ಕಡೆಗೆ ಇಳಿಯುತ್ತದೆ. ಆರಂಭದಲ್ಲಿ ಹಗುರವಾಗಿ ತೋರುವ ಆ ದಾರಿ ನಡುವಿನಲ್ಲಿ ಮನುಷ್ಯನಿಂದ ಏನು ವಸೂಲು ಮಾಡುತ್ತದೆಂಬದು ಓದಿ ತಿಳಿಯುವ ಮಾತಲ್ಲ, ಓಡಿದವನ ತೊಡೆಗಳಿಗೇ ತಿಳಿಯುವ ಮಾತು. ಲೂಯಿಸನು ಅದನ್ನು ಮುಂಚಿತವಾಗಿ ತಿಳಿದುಕೊಂಡನು.

ಈಗ ಹೊರದೇಶದವರ ಮಾತಿಗೆ ಬರೋಣ. ಓಡಲಿಕ್ಕೆ ನಿಂತವರು ಹದಿನೇಳು ಮಂದಿ. ಅವರಲ್ಲಿ ಹದಿಮೂರು ಮಂದಿ ಗ್ರೀಕರು, ನಾಲ್ವರು ಪರದೇಶಸ್ಥರು. ಆಸ್ಟ್ರೇಲಿಯದ ಎಡ್ವಿನ್ ಫ್ಲ್ಯಾಕ್, ಅಮೆರಿಕದ ಆರ್ಥರ್ ಬ್ಲೇಕ್, ಫ್ರಾನ್ಸಿನ ಅಲ್ಬೆನ್ ಲೆರ್ಮುಸಿಯೊ ಎಂಬ ಮೂವರು ಮೂರು ದಿನಗಳ ಮುಂಚೆ, ಅಂದರೆ ಏಪ್ರಿಲ್ 7ರಂದು, 1500 ಮೀಟರಿನ ಓಟದಲ್ಲಿ ಕ್ರಮವಾಗಿ ಒಂದನೆಯ, ಎರಡನೆಯ, ಮೂರನೆಯ ಸ್ಥಾನಗಳನ್ನು ಪಡೆದವರು. ಫ್ಲ್ಯಾಕನು ಲೂಯಿಸನ ಓರಗೆಯವನೇ, 1873ರಲ್ಲಿಯೇ ಹುಟ್ಟಿದವನು, ಲೆಕ್ಕಪತ್ರದ ಕೆಲಸ ಕಲಿತವನು. ಅವನು ಹಿಂದಿನ ದಿನವೇ 800 ಮೀಟರಿನ ಓಟವನ್ನೂ ಗೆದ್ದು, ಅಲ್ಲಿಂದ ಬಂಡಿ ಹತ್ತಿ ಮ್ಯಾರಥಾನಿಗೆ ಹೊರಟುಬಂದನು. ಇಂಥವರ ವೇಗದ ಮುಂದೆ ನೀರು ಮಾರುವವನ ಮಗನು ಏನು ಮಾಡ್ಯಾನು ಎಂದು ಯಾರಾದರೂ ನೆನಸಿದ್ದರೆ ಅದು ಆಶ್ಚರ್ಯವಲ್ಲ. ನಾಲ್ಕನೆಯವನು ಹಂಗೇರಿಯ ಗ್ಯೂಲಾ ಕೆಲ್ನರ್. ಇವನ ಹೆಸರನ್ನು ಓದುಗರು ನೆನಪಿನಲ್ಲಿ ಇಡಬೇಕು. ಯಾಕಂದರೆ ಆ ನಾಲ್ವರಲ್ಲಿ ಇವನೊಬ್ಬನೇ ತನ್ನ ದೇಶದಲ್ಲಿ ಆ ಪೂರ್ತಿ ದೂರವನ್ನು ಓಡಿ ನೋಡಿ ಬಂದಿದ್ದನು.

ವೇಗವುಳ್ಳವನು ದೂರದಲ್ಲಿ ಯಾಕೆ ಸೋಲುತ್ತಾನೆಂಬದನ್ನು ಈ ಕಾಲದ ವೈದ್ಯಶಾಸ್ತ್ರವು ಚೆನ್ನಾಗಿ ವಿವರಿಸುತ್ತದೆ. ನಾವು ಉಂಡ ಅನ್ನದಲ್ಲಿ ಒಂದು ಪಾಲು ಗ್ಲೈಕೋಜನ್ ಎಂಬ ಪದಾರ್ಥವಾಗಿ ಮಾಂಸಖಂಡಗಳಲ್ಲಿಯೂ ಪಿತ್ತಕೋಶದ ಮೇಲಿರುವ ಯಕೃತ್ತಿನಲ್ಲಿಯೂ ಕೂಡಿಟ್ಟಿರುತ್ತದೆ. ಓಡುವವನು ಮುಖ್ಯವಾಗಿ ಅದನ್ನೇ ಖರ್ಚುಮಾಡುವನು. ಅದು ಸಾಧಾರಣವಾಗಿ ಮೂವತ್ತು ಕಿಲೊಮೀಟರಿನ ಆಸುಪಾಸಿನಲ್ಲಿ ಬರಿದಾಗುತ್ತಾ ಬರುವದು. ಮೈಯಲ್ಲಿರುವ ಕೊಬ್ಬು ಬೇಕಾದಷ್ಟಿದ್ದರೂ ಅದು ನಿಧಾನವಾಗಿ ಉರಿಯುವ ಸೌದೆ. ಬೇಗನೆ ಓಡುವವನಿಗೆ ಅದು ಸಾಕಾಗದು. ದೀಪದ ಬತ್ತಿಯನ್ನು ಮೇಲೆತ್ತಿದರೆ ಬೆಳಕು ಹೆಚ್ಚು, ಆದರೆ ಎಣ್ಣೆ ನಡುರಾತ್ರಿಗೇ ತೀರುವದು, ಓಟವೂ ಹಾಗೆಯೇ. ತಿಂಗಳುಗಟ್ಟಲೆ, ವರುಷಗಟ್ಟಲೆ ಮೆಲ್ಲಗೆ ಬಹು ದೂರ ಹೋಗುವ ಅಭ್ಯಾಸವುಳ್ಳ ಶರೀರವು ಕೊಬ್ಬನ್ನು ಉರಿಸಿ ಎಣ್ಣೆಯನ್ನು ಉಳಿಸಿಕೊಳ್ಳಲು ಕಲಿಯುತ್ತದೆ. ಮರೂಸಿಯಿಂದ ಅಥೇನೆಗೂ ಅಥೇನೆಯಿಂದ ಮರೂಸಿಗೂ ನಡೆದಾಡಿದ ಕಾಲುಗಳು ಕಲಿತದ್ದು ಇದೇ.

1896ನೇ ಇಸವಿ ಏಪ್ರಿಲ್ 10ನೇ ತಾರೀಕು ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಮ್ಯಾರಥಾನಿನ ಸೇತುವೆಯ ಬಳಿಯಲ್ಲಿ ಕರ್ನಲನು ತುಪಾಕಿ ಹಾರಿಸಲಾಗಿ ಹದಿನೇಳು ಮಂದಿಯೂ ಹೊರಟರು. ಅವರ ಹಿಂದೆ ಸಿಪಾಯಿಗಳೂ ವೈದ್ಯರ ಬಂಡಿಗಳೂ ಹೊರಟವು. ಫ್ರಾನ್ಸಿನವನು ತಾನು 1500 ಮೀಟರು ಓಡುತ್ತಿದ್ದೇನೋ ಎಂಬಂತೆ ಮುಂದೆ ಹಾರಿಹೋದನು. ಅವನ ಹಿಂದೆ ಫ್ಲ್ಯಾಕನೂ ಬ್ಲೇಕನೂ ಹೋದರು. ಲೂಯಿಸನು ಬಹು ಹಿಂದೆ ಇದ್ದನು. ಅರ್ಧ ದಾರಿಯಲ್ಲಿರುವ ಪಿಕೆರ್ಮಿ ಎಂಬ ಹಳ್ಳಿಯಲ್ಲಿ ಅವನು ನಿಂತು ಒಂದು ಲೋಟ ದ್ರಾಕ್ಷಾರಸ ಕುಡಿದು, ಮುಂದಿನವರು ಎಷ್ಟು ದೂರದಲ್ಲಿದ್ದಾರೆಂದು ವಿಚಾರಿಸಿ, ಅವರನ್ನು ಹಿಡಿಯುವೆನೆಂದು ಶಾಂತವಾಗಿ ಹೇಳಿ ಹೊರಟನೆಂದು ಆ ಸೀಮೆಯವರು ಹೇಳುವರು. ದ್ರಾಕ್ಷಾರಸವನ್ನು ನಾವು ಯಾರಿಗೂ ಬುದ್ಧಿ ಹೇಳಲಾರೆವು, ಓಟಗಾರನಿಗಂತೂ ಅದು ನೀರಿನ ಬದಲಿಗೆ ಆಗತಕ್ಕದ್ದಲ್ಲ. ಆದರೆ ಹಿಂದೆ ಬಿದ್ದಿದ್ದೇನೆಂದು ಗೊತ್ತಿದ್ದೂ ಹೆಜ್ಜೆಯನ್ನು ಕೆಡಿಸಿಕೊಳ್ಳದೆ ಇರುವದು ದೊಡ್ಡ ಮಾತು. ಹೊಸಬನಿಗೆ ಅದಕ್ಕಿಂತ ಕಷ್ಟವಾದದ್ದು ಬೇರೆ ಇಲ್ಲ. ಮಗ್ಗುಲಲ್ಲಿದ್ದವನು ಮುಂದೆ ಹೋದ ಕೂಡಲೇ ಹೊಸಬನ ಕಾಲು ಅವನ ಕಾಲನ್ನು ಹಿಂಬಾಲಿಸುತ್ತದೆ. ಬುದ್ಧಿಯು ಬೇಡವೆಂದರೂ ಕೇಳುವದಿಲ್ಲ.

ಮೊದಲು ಬಿದ್ದವನು ಬ್ಲೇಕನು, ಸುಮಾರು ಇಪ್ಪತ್ತಮೂರನೆಯ ಕಿಲೊಮೀಟರಿನಲ್ಲಿ. ಫ್ರಾನ್ಸಿನವನು ಇನ್ನೂ ಎಲ್ಲರಿಗಿಂತ ಮುಂದೆ ಇದ್ದನು. ಕರ್ವಾತಿ ಎಂಬ ಹಳ್ಳಿಯವರು ತೋರಣ ಕಟ್ಟಿ, ಇವನೇ ಗೆಲ್ಲುವವನೆಂದು ಅವನ ತಲೆಗೆ ಹೂವಿನ ಕಿರೀಟವನ್ನೂ ಇಟ್ಟರೆಂದು ಆ ಆಟಗಳ ವರದಿಯಲ್ಲಿ ಬರೆದಿದೆ. ಪಾಪ, ಆ ಹಳ್ಳಿಯವರ ಸಂತೋಷವನ್ನು ನಾವು ಹಾಸ್ಯಮಾಡಲಾರೆವು. ಆದರೆ ಕಿರೀಟವಿಟ್ಟ ಸ್ಥಳದಿಂದ ಮುಂದೆ ಏರು ಇತ್ತು. ಮೂವತ್ತೆರಡನೆಯ ಕಿಲೊಮೀಟರಿನ ಸುಮಾರಿಗೆ ಅವನ ಕಾಲು ನಿಂತುಹೋಯಿತು, ಅವನನ್ನು ಬಂಡಿಯಲ್ಲಿ ಹಾಕಿಕೊಂಡು ಹೋದರು. ಈಗ ಫ್ಲ್ಯಾಕನು ಮುಂದಾದನು. ಅವನು ತನ್ನ ಜೀವಮಾನದಲ್ಲಿ ಹತ್ತು ಮೈಲಿಗಿಂತ ಹೆಚ್ಚು ಓಡಿದವನಲ್ಲ. ಇಪ್ಪತ್ತು ಮೈಲು ಕಳೆದಿದ್ದಾಗ ಅವನ ಮಗ್ಗುಲಲ್ಲಿ ಹೆಜ್ಜೆಯ ಸಪ್ಪಳ ಕೇಳಿಸಿತು. ನೀರಿನವನು ಬಂದು ಮುಟ್ಟಿದ್ದನು. ಕೆಲವು ಹೊತ್ತು ಇಬ್ಬರೂ ಜೊತೆಯಾಗಿ ಓಡಿದರು. ತರುವಾಯ ಲೂಯಿಸನು ಸ್ವಲ್ಪ ಸ್ವಲ್ಪವಾಗಿ ಮುಂದಾಗಲು, ಫ್ಲ್ಯಾಕನು ಇನ್ನು ಮೂರು ಕಿಲೊಮೀಟರು ಮಾತ್ರ ಉಳಿದಿರುವಾಗ ಓಲಾಡಿ ಬಿದ್ದನು. ಎತ್ತಲಿಕ್ಕೆ ಬಂದವನನ್ನು ಅವನು ಬುದ್ಧಿತಪ್ಪಿ ಹೊಡೆದನೆಂದು ಹೇಳುತ್ತಾರೆ. ಅವನು ಕೆಟ್ಟವನಲ್ಲ, ಎಣ್ಣೆ ತೀರಿದ ದೀಪವಾಗಿದ್ದನು. ಹೀಗೆ 1500 ಮೀಟರಿನ ಮೂವರು ವೀರರೂ ದಾರಿಯಲ್ಲಿಯೇ ಉಳಿದರು.

ಇತ್ತ ಅಥೇನೆಯಲ್ಲಿ ಹಾಲುಗಲ್ಲಿನಿಂದ ಕಟ್ಟಿದ್ದ ಕ್ರೀಡಾಂಗಣದೊಳಗೆ ಹತ್ತಾರು ಸಾವಿರ ಜನರು ಕಾದುಕೊಂಡಿದ್ದರು. ಸುತ್ತಣ ಗುಡ್ಡಗಳ ಮೇಲೆಯೂ ಜನರು ತುಂಬಿದ್ದರು. ಬೈಸಿಕಲಿನಲ್ಲಿ ಬಂದ ಒಬ್ಬನು ಫ್ಲ್ಯಾಕನು ಮುಂದಿದ್ದಾನೆಂದು ಹೇಳಿದಾಗ ಎಲ್ಲರ ಮುಖವೂ ಬಾಡಿತು. ಆಮೇಲೆ ಕರ್ನಲನು ಕುದುರೆಯ ಮೇಲೆ ಧೂಳಿನಿಂದ ತುಂಬಿದವನಾಗಿ ಬಂದು, ಒಬ್ಬ ಗ್ರೀಕನು ಮುಂದಿದ್ದಾನೆಂದು ಅರಸನಿಗೆ ತಿಳಿಸಿದನು. ಸ್ವಲ್ಪ ಹೊತ್ತಿಗೆ ಬೆವರಿನಿಂದ ನೆನೆದು ಬಿಸಿಲಿನಿಂದ ಕಪ್ಪಾದ ಆ ಯೌವನಸ್ಥನು ಬಾಗಿಲಲ್ಲಿ ಕಾಣಿಸಿದನು. ಪಟ್ಟದ ರಾಜಕುಮಾರನಾದ ಕಾನ್‌ಸ್ಟಾಂಟೈನನೂ ಅವನ ತಮ್ಮನಾದ ಜಾರ್ಜನೂ ಆಸನ ಬಿಟ್ಟಿಳಿದು, ನೀರು ಮಾರುವವನ ಎರಡು ಕಡೆಗಳಲ್ಲಿಯೂ ಅವನ ಜೊತೆಯಲ್ಲಿ ಗುರಿಯ ವರೆಗೆ ಓಡಿದರು. ಅವನಿಗೆ ಹಿಡಿದ ಕಾಲವು 2 ಗಂಟೆ 58 ನಿಮಿಷ 50 ಸೆಕೆಂಡು. ಪರೀಕ್ಷೆಯ ಓಟಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಕಡಿಮೆ.

ಏಳು ನಿಮಿಷಗಳ ತರುವಾಯ ವಸಿಲಾಕೋಸನು ಬಂದನು. ಮೂರನೆಯವನಾಗಿ ಬಂದ ಗ್ರೀಕನ ಮೇಲೆ ಕೆಲ್ನರನು ದೂರು ಹೇಳಿದನು. ವಿಚಾರಣೆಯಲ್ಲಿ ಅವನು ದಾರಿಯಲ್ಲಿ ಒಂದಿಷ್ಟು ದೂರ ಬಂಡಿಯಲ್ಲಿ ಕೂತು ಬಂದದ್ದು ಹೊರಬಿತ್ತು. ಅವನ ಸ್ಥಾನವನ್ನು ತೆಗೆದು ಕೆಲ್ನರನಿಗೆ ಕೊಟ್ಟರು. ಇಡೀ ದೇಶವು ಉಬ್ಬಿಹೋಗಿದ್ದ ಆ ಸಂಜೆಯಲ್ಲಿ ಪರದೇಶದವನ ದೂರನ್ನು ಕೇಳಿ ತಮ್ಮವನನ್ನೇ ತಪ್ಪಿತಸ್ಥನೆಂದು ತೀರಿಸಿದ್ದು ಅಥೇನೆಯವರಿಗೆ ಗೌರವವೇ ಸರಿ. ಹೀಗೆ ಪರದೇಶಸ್ಥರಲ್ಲಿ ಗುರಿ ಮುಟ್ಟಿದವನು ಕೆಲ್ನರನೊಬ್ಬನೇ, ಅಂದರೆ ದಾರಿಯ ಉದ್ದವನ್ನು ಮುಂಚೆ ಅಳೆದುಕೊಂಡವನೇ.

ಮರುದಿನ ಇನ್ನೊಂದು ಓಟ ನಡೆಯಿತು. ಅದನ್ನು ನೋಡಲಿಕ್ಕೆ ಅರಸನಾಗಲಿ ಜನರಾಗಲಿ ಕಾದಿರಲಿಲ್ಲ. ಸ್ತಮಾತಾ ರೆವಿಥಿ ಎಂಬ ಬಡ ಹೆಂಗಸು, ಕೈಯಲ್ಲೊಂದು ಕೂಸುಳ್ಳವಳು, ತಾನೂ ಓಡುವೆನೆಂದು ಕೇಳಿಕೊಂಡಾಗ ಹೆಂಗಸೆಂಬ ಕಾರಣದಿಂದ ಸೇರಿಸಿಕೊಳ್ಳಲಿಲ್ಲ. ಅವಳು ಮ್ಯಾರಥಾನಿನ ಊರ ಅಧಿಕಾರಿಗಳಿಂದ ತಾನು ಹೊರಟ ಗಳಿಗೆಯನ್ನು ಬರೆಯಿಸಿ ಸಹಿ ಹಾಕಿಸಿಕೊಂಡು, ಒಬ್ಬಳೇ ಹೊರಟು ಸುಮಾರು ಐದೂವರೆ ಗಂಟೆಗಳಲ್ಲಿ ಅಥೇನೆಗೆ ಬಂದಳು. ಕ್ರೀಡಾಂಗಣದೊಳಗೆ ಅವಳಿಗೆ ಪ್ರವೇಶವಿರಲಿಲ್ಲ. ಒಲಿಂಪಿಕ್ ಆಟಗಳಲ್ಲಿ ಹೆಂಗಸರ ಮ್ಯಾರಥಾನ್ ಮೊದಲಾದದ್ದು 1984ರಲ್ಲಿ. ಅವಳ ಚರಿತ್ರೆಯು ಬೇರೆಯಾಗಿ ಬರೆಯತಕ್ಕದ್ದು. ಅದನ್ನು ಓದುವ ಹೆಣ್ಣುಮಕ್ಕಳು ನಮ್ಮ ಸಭೆಗಳಲ್ಲಿ ಇದ್ದಾರೆ.

ನಮ್ಮ ಸೀಮೆಯವರೂ ಬಹು ಕಾಲ ಹಿಂದೆ ಉಳಿಯಲಿಲ್ಲವೆಂಬದನ್ನು ಇಲ್ಲಿಯೇ ಹೇಳಿಬಿಡುವೆವು. 1920ರಲ್ಲಿ ಬೆಲ್ಜಿಯಮಿನ ಆಂಟ್ವರ್ಪ್ ಪಟ್ಟಣದಲ್ಲಿ ಆಟಗಳಾದಾಗ ಬೆಳಗಾವಿಯ ಫಡೆಪ್ಪ ಚೌಗುಲೆ ಎಂಬವನು ಮ್ಯಾರಥಾನಿನಲ್ಲಿ ಓಡಿ, 2 ಗಂಟೆ 50 ನಿಮಿಷಗಳ ಮೇಲೆ ಕೆಲವು ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ಹತ್ತೊಂಭತ್ತನೆಯವನಾದನು. ಆ ದಾರಿಯು ಲೂಯಿಸನ ದಾರಿಗಿಂತ ಎರಡು ಕಿಲೊಮೀಟರಿಗೂ ಹೆಚ್ಚು ಉದ್ದವಾಗಿತ್ತು. ಈಗಿನ 42.195 ಕಿಲೊಮೀಟರಿನ ಅಳತೆಯು 1908ರ ಲಂಡನಿನ ಆಟಗಳಲ್ಲಿ ಹುಟ್ಟಿ, 1921ರಲ್ಲಿ ಎಲ್ಲರಿಗೂ ನಿಯಮವಾಯಿತು.

ಈಗ ನಮ್ಮ ಹುಡುಗರ ಪ್ರಶ್ನೆ. ಈ ಕಾಲದಲ್ಲಿ ಓಟ ಕಲಿಸುವವರು ಹೊಸಬನಿಗೆ ನಾಲ್ಕೈದು ತಿಂಗಳ ಅಭ್ಯಾಸವನ್ನು ವಿಧಿಸುತ್ತಾರೆ. ಅದಕ್ಕಿಂತ ಮುಂಚೆಯೇ ಸ್ವಲ್ಪ ಓಡುವ ರೂಢಿ ಇದ್ದರೆ ಲೇಸು. ವಾರಕ್ಕೆ ಮೂರು ನಾಲ್ಕು ದಿನ ಓಡುವದು, ಉಳಿದ ದಿನಗಳಲ್ಲಿ ಕಾಲಿಗೆ ವಿಶ್ರಾಂತಿ. ಆ ದಿನಗಳಲ್ಲಿ ಒಂದರಲ್ಲಿ ಮಾತ್ರ ಉದ್ದದ ಓಟ. ಅದನ್ನು ವಾರದಿಂದ ವಾರಕ್ಕೆ ಒಂದೆರಡು ಕಿಲೊಮೀಟರು ಹೆಚ್ಚಿಸುತ್ತಾ, ನಡುನಡುವೆ ಒಂದು ವಾರ ಕಡಿಮೆ ಮಾಡುತ್ತಾ, ಮೂವತ್ತು ಕಿಲೊಮೀಟರಿನ ಸುಮಾರಿಗೆ ಮುಟ್ಟಿಸುವರು. ಆ ಓಟವು ಜೊತೆಯವನ ಸಂಗಡ ಮಾತಾಡುತ್ತಾ ಹೋಗುವಷ್ಟು ನಿಧಾನವಾಗಿರಬೇಕು. ಏದುಸಿರು ಬಂದರೆ ಅದು ವೇಗ ಹೆಚ್ಚಾದ ಗುರುತು. ಓಟದ ದಿನಕ್ಕೆ ಎರಡು ಮೂರು ವಾರ ಇರುವಾಗ ಅಭ್ಯಾಸವನ್ನು ಇಳಿಸುತ್ತಾ ಬಂದು ಶರೀರವನ್ನು ಬಲಪಡಿಸಿಕೊಳ್ಳಲು ಬಿಡಬೇಕು. ಲೂಯಿಸನಾದರೋ ಪರೀಕ್ಷೆಯ ಪೂರ್ತಿ ಓಟವನ್ನು ಓಡಿ ಹೆಚ್ಚು ದಿನವಾಗದೆ ತಿರಿಗಿ ಓಡಿದನು; ಆ ಭಾಗವನ್ನು ಯಾರೂ ಅನುಸರಿಸಬಾರದು, ವರುಷಗಟ್ಟಲೆ ನಡೆದ ಕಾಲು ಅವನದಾಗಿತ್ತು. ಹೊಲದಲ್ಲಿ ದುಡಿಯುವ ನಮ್ಮ ಯೌವನಸ್ಥರು ತಮ್ಮ ಬಲವೇ ಸಾಕೆಂದು ನೆನಸಿ ಅಭ್ಯಾಸವಿಲ್ಲದೆ ಓಟಕ್ಕೆ ನಿಲ್ಲುವದುಂಟು. ದುಡಿಮೆಯು ಅಡಿಪಾಯವಾಗುವದು ನಿಜ, ಆದರೆ ಅಡಿಪಾಯದ ಮೇಲೆ ಯಾರೂ ಮಲಗುವದಿಲ್ಲ, ಮನೆ ಕಟ್ಟಬೇಕು. ಎದೆನೋವು, ತಲೆಸುತ್ತು ಕಂಡವನು ಓಟಕ್ಕೆ ಮೊದಲು ವೈದ್ಯನ ಬಳಿಗೆ ಹೋಗಲಿ.

ಮತ್ತೆ ಲೂಯಿಸನ ಬಳಿಗೆ ಬರೋಣ. ಏಪ್ರಿಲ್ 15ರಂದು ಅರಸನು ಅವನಿಗೆ ಬೆಳ್ಳಿಯ ಪದಕವನ್ನೂ ಎಣ್ಣೇಮರದ ಕೊಂಬೆಯನ್ನೂ ಬ್ರೆಯಾಲನ ಬೆಳ್ಳಿಯ ಬಟ್ಟಲನ್ನೂ ಕೊಟ್ಟನು. ಸಾಹುಕಾರರೂ ಅಂಗಡಿಯವರೂ ಅವನಿಗೆ ಏನೇನೋ ಕೊಡುವೆವೆಂದು ಮಾತು ಕೊಟ್ಟರು. ಅರಸನು ಬೇಕಾದದ್ದನ್ನು ಕೇಳೆಂದಾಗ ಅವನು ನೀರು ಸಾಗಿಸಲಿಕ್ಕೆ ಒಂದು ಕುದುರೆಯನ್ನೂ ಬಂಡಿಯನ್ನೂ ಕೇಳಿದನೆಂದು ಹೇಳುತ್ತಾರೆ. ಇದನ್ನು ಕೇಳಿ ನಗುವವರು ಒಂದು ದಿನ ತಲೆಯ ಮೇಲೆ ನೀರು ಹೊತ್ತು ನೋಡಲಿ. ಅವನು ಮರೂಸಿಗೆ ತಿರುಗಿ ಹೋದನು. ಮದುವೆಯಾಗಿ ಮಕ್ಕಳನ್ನು ಪಡೆದನು. ಹೊಲದ ಕೆಲಸ ಮಾಡಿದನು. ಮುಂದೆ ಆ ಊರಿನ ಪೊಲೀಸಿನವನೂ ಆದನು. ಆ ದಿನದ ತರುವಾಯ ಅವನು ಎಂದಿಗೂ ಪಂದ್ಯದಲ್ಲಿ ಓಡಲಿಲ್ಲ. ಗ್ರೀಕ್ ಭಾಷೆಯಲ್ಲಾದರೋ ಅವನ ಓಟ ನಿಲ್ಲಲಿಲ್ಲ: ಯಾರಾದರೂ ಥಟ್ಟನೆ ಓಡಿಹೋದರೆ ಅವನು ಲೂಯಿಸನಾದನೆಂದು ಆ ದೇಶದವರು ಈಗಲೂ ಹೇಳುವರು.

ಅವನ ಮುಪ್ಪು ಹತ್ತಿರವಾದಾಗ ಒಂದು ಕಷ್ಟವು ಬಂತು. 1926ರಲ್ಲಿ ದಂಡಿಗೆ ಸೇರಿದ ಕಾಗದಗಳನ್ನು ಸುಳ್ಳಾಗಿ ತಿದ್ದಿದನೆಂಬ ಅಪರಾಧ ಹೊರಿಸಿ ಅವನನ್ನು ಹಿಡಿದರು. ವಿಚಾರಣೆಗೆ ಮುಂಚೆ ಒಂದು ವರುಷಕ್ಕಿಂತ ಹೆಚ್ಚು ಕಾಲ ಅವನು ಸೆರೆಮನೆಯಲ್ಲಿದ್ದನು. 1927ರಲ್ಲಿ ನ್ಯಾಯಸ್ಥಾನವು ಅವನನ್ನು ನಿರಪರಾಧಿಯೆಂದು ಬಿಟ್ಟಿತು. ರಾಜಕುಮಾರರು ಮಗ್ಗುಲಲ್ಲಿ ಓಡಿದವನು ಐವತ್ತು ದಾಟಿದ ಪ್ರಾಯದಲ್ಲಿ ಕಬ್ಬಿಣದ ಬಾಗಿಲಿನ ಹಿಂದೆ ದಿನಗಳನ್ನು ಎಣಿಸಿದ್ದನ್ನು ನೆನಸಿದರೆ ನಮಗೆ ವ್ಯಸನವಾಗುತ್ತದೆ. ಅವನು ಸೆರೆಯಲ್ಲಿದ್ದ ಆ ಕಾಲದಲ್ಲಿಯೇ ಮ್ಯಾರಥಾನಿನ ಹತ್ತಿರ ಅಥೇನೆಗೆ ನೀರು ಕೊಡುವದಕ್ಕಾಗಿ ಒಂದು ದೊಡ್ಡ ಅಣೆಕಟ್ಟನ್ನು ಕಟ್ಟುತ್ತಿದ್ದರು. ಅದು 1929ರಲ್ಲಿ ಮುಗಿಯಿತು. ಅದರ ಮುಖಕ್ಕೆ ಹಚ್ಚಿದ್ದು ಕ್ರೀಡಾಂಗಣಕ್ಕೆ ಉಪಯೋಗಿಸಿದಂಥ ಪೆಂಟೆಲಿ ಬೆಟ್ಟದ ಹಾಲುಗಲ್ಲೇ. ಅವನು ಓಡಿ ಬಂದ ಕಡೆಯಿಂದ ಈಗ ನೀರೇ ಪಟ್ಟಣಕ್ಕೆ ಹರಿದು ಬಂತು; ಪೀಪಾಯಿ ಹೊತ್ತ ಹೇಸರಗತ್ತೆಗಳ ಕಾಲವು ತೀರಿತು.

1936ರಲ್ಲಿ ಜರ್ಮನಿಯ ಬರ್ಲಿನಿನಲ್ಲಿ ಆಟಗಳಾದಾಗ ಅಲ್ಲಿನವರು ಲೂಯಿಸನನ್ನು ಅತಿಥಿಯಾಗಿ ಕರೆದರು. ಅವನು ತನ್ನ ದೇಶದ ಹಳೇ ರೀತಿಯ ಬಿಳೀ ಉಡುಪನ್ನು ಧರಿಸಿ ಗ್ರೀಕರ ಪಂಕ್ತಿಯ ಮುಂದೆ ನಡೆದನು; ಒಲಿಂಪಿಯದಿಂದ ತಂದ ಎಣ್ಣೇಮರದ ಕೊಂಬೆಯನ್ನು ಸಮಾಧಾನದ ಗುರುತಾಗಿ ಹಿಟ್ಲರನ ಕೈಗೆ ಕೊಟ್ಟನು. ಆ ಮುದುಕನ ಕೈಯಲ್ಲಿ ಅದನ್ನು ಕೊಡಿಸಿದವರ ಮನಸ್ಸಿನಲ್ಲಿ ಏನಿತ್ತೆಂಬದು ಮುಂದಣ ವರುಷಗಳಲ್ಲಿ ತಿಳಿಯಬಂತು. ಲೂಯಿಸನು ಅದನ್ನು ನೋಡಲಿಲ್ಲ. 1940ನೇ ಇಸವಿ ಮಾರ್ಚ್ 26ರಂದು ಅವನು ತೀರಿಹೋದನು. ಅದೇ ವರುಷದ ಅಕ್ಟೋಬರಿನಲ್ಲಿ ಇಟಲಿಯ ದಂಡು ಗ್ರೀಸಿನ ಮೇಲೆ ಬಿತ್ತು, 1941ರ ಏಪ್ರಿಲಿನಲ್ಲಿ ಜರ್ಮನರು ಅಥೇನೆಯನ್ನು ಹಿಡಿದರು.

ಬ್ರೆಯಾಲನ ಬಟ್ಟಲು ಒಂದು ಗೇಣು ಎತ್ತರವೂ ಇಲ್ಲದ ಚಿಕ್ಕ ಪಾತ್ರೆಯು. ಅದು ಬಹು ಕಾಲ ಲೂಯಿಸನ ಮನೆಯವರ ಬಳಿಯಲ್ಲಿತ್ತು. 2012ರಲ್ಲಿ ಅವನ ಮೊಮ್ಮಗನು ಅದನ್ನು ಲಂಡನಿನಲ್ಲಿ ಹರಾಜಿಗೆ ಇಡಲಾಗಿ ಐದು ಲಕ್ಷ ನಲವತ್ತೊಂದು ಸಾವಿರ ಪೌಂಡುಗಳಿಗಿಂತ ಹೆಚ್ಚಿನ ಬೆಲೆ ಬಂತು. ಗ್ರೀಕರ ಒಂದು ಧರ್ಮನಿಧಿಯು ಅದನ್ನು ಜನರು ನೋಡುವಂತೆ ಕೊಂಡುಕೊಂಡಿತು. ಮರೂಸಿಯಲ್ಲಿ 1982ರಲ್ಲಿ ತೆರೆಯಲ್ಪಟ್ಟು 2004ರ ಒಲಿಂಪಿಕ್ ಆಟಗಳು ನಡೆದ ದೊಡ್ಡ ಕ್ರೀಡಾಂಗಣಕ್ಕೆ ಲೂಯಿಸನ ಹೆಸರಿದೆ. ಪ್ರತಿ ನವೆಂಬರಿನಲ್ಲಿ ಸಾವಿರಾರು ಜನರು ಮ್ಯಾರಥಾನಿನಿಂದ ಹಾಲುಗಲ್ಲಿನ ಹಳೇ ಕ್ರೀಡಾಂಗಣಕ್ಕೆ ಅವನ ದಾರಿಯಲ್ಲಿ ಓಡುತ್ತಾರೆ. ಅವರಲ್ಲಿ ಮೊದಲನೆಯ ಸಾರಿ ಓಡುವವರೂ ಬಹು ಮಂದಿ ಇರುತ್ತಾರೆ. ಆ ಏರಿನ ಬದಿಯಲ್ಲಿ ಅಲ್ಲಲ್ಲಿ ಮೇಜುಗಳನ್ನು ಹಾಕಿ, ಬೆವರಿ ಬರುವವರಿಗೆ ಕುಡಿಯಲಿಕ್ಕೆ ನೀರನ್ನು ಕೊಡುತ್ತಾರೆ.